ಕಲಬುರಗಿ ಬಿಸಿಲಲ್ಲಿ ಕಂಪ್ಯೂಟರಿಗೆ ನೀರಿನ ಕೂಲಿಂಗ್: ಒಂದೊಂದೇ ಸಾಮಾನು ಆರಿಸಿದ ಕಥೆ

ಏಪ್ರಿಲ್, ಮೇ ಬಂದರೆ ಕಲಬುರಗಿಯಲ್ಲಿ 42 ಡಿಗ್ರಿ ದೊಡ್ಡ ಸುದ್ದಿಯಲ್ಲ. ನನ್ನ ಕೆಲಸ ಮನೆ, ಕಟ್ಟಡಗಳ ತ್ರೀಡಿ ಚಿತ್ರ ಮಾಡಿಕೊಡುವುದು. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರಿನಲ್ಲಿ ರೆಂಡರ್ (ಕೊನೆಯ ಚಿತ್ರ ತೆಗೆಯುವ ಲೆಕ್ಕಾಚಾರ) ಹಾಕಿದರೆ ಒಮ್ಮೊಮ್ಮೆ ರಾತ್ರಿಯಿಡೀ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಶಕ್ತಿಯಲ್ಲಿ ಓಡುತ್ತಿರುತ್ತದೆ. ಕಾರ್ಡು ಎನ್ವಿಡಿಯಾ ಆರ್‌ಟಿಎಕ್ಸ್ 3090, ಸೆಕೆಂಡ್ ಹ್ಯಾಂಡ್. ದೊಡ್ಡ ಸೀನ್‌ಗಳಿಗೆ ಅದರ 24 ಜಿಬಿ ಮೆಮೊರಿ ಬೇಕೇ ಬೇಕು, ಅದಕ್ಕೇ ತೆಗೆದುಕೊಂಡಿದ್ದು. ಆದರೆ ಆ ಮೆಮೊರಿಯೇ ತಲೆನೋವು. 3090ರಲ್ಲಿ 1 ಜಿಬಿಯ 24 ಚಿಪ್‌ಗಳಿವೆ. 12 ಬೋರ್ಡಿನ ಮುಂದೆ, 12 ಬೆನ್ನಿಗೆ. ಬೆನ್ನಿನ ಚಿಪ್‌ಗಳಿಗೆ ಕಾರ್ಡಿನ ಫ್ಯಾನ್ ಗಾಳಿ ತಾಗುವುದಿಲ್ಲ, ಮೇಲಿನ ಲೋಹದ ತಗಡೇ ಗತಿ. ಬೇಸಿಗೆಯಲ್ಲಿ ಮೆಮೊರಿ 110 ಡಿಗ್ರಿ ಮುಟ್ಟುತ್ತಿತ್ತು, ಕಾರ್ಡು ತಾನಾಗೇ ವೇಗ ಇಳಿಸಿಕೊಳ್ಳುತ್ತಿತ್ತು. ಸದ್ದಂತೂ ಕೇಳಬೇಡಿ.

ಹಾಗಾಗಿ ವಾಟರ್ ಕೂಲಿಂಗ್. ಎಲ್ಲ ಜೋಡಿಸಿಯೇ ರೆಡಿಮೇಡ್ ಸಿಗುವ ಎಐಒ (ಆಲ್-ಇನ್-ಒನ್) ಅಲ್ಲ, ಬ್ಲಾಕು (ಚಿಪ್ಪಿನ ಮೇಲೆ ಕೂತು ಒಳಗೆ ನೀರು ಹರಿಸುವ ಲೋಹದ ತುಂಡು), ಪಂಪು, ರೇಡಿಯೇಟರು, ಪೈಪು ಎಲ್ಲ ಬೇರೆ ಬೇರೆ ತಂದು ಜೋಡಿಸುವ ಕಸ್ಟಮ್ ಲೂಪ್. ಎಐಒಗಳು ಹೆಚ್ಚಾಗಿ ಸಿಪಿಯುಗೆ ಮಾಡಿದವು. ನನಗೆ ತೊಂದರೆ ಇದ್ದದ್ದು ಜಿಪಿಯುದು, ಅಂದರೆ ಗ್ರಾಫಿಕ್ಸ್ ಕಾರ್ಡಿನದು.

ನೀರು ಹರಿಸಿದ ಮಾತ್ರಕ್ಕೆ ಯಾವುದೂ ರೂಮಿಗಿಂತ ತಣ್ಣಗಾಗುವುದಿಲ್ಲ. ಚಿಪ್ಪಿನ ಬಿಸಿ ನೀರಿಗೆ ಹೋಗುತ್ತದೆ, ನೀರಿನದು ರೇಡಿಯೇಟರಿಗೆ, ರೇಡಿಯೇಟರಿನದು ರೂಮಿನ ಗಾಳಿಗೆ. ರೂಮು 38 ಇದ್ದರೆ ನೀರು 38ಕ್ಕಿಂತ ಮೇಲೇ ಇರುತ್ತದೆ. ವಿಡಿಯೊಗಳಲ್ಲಿ ನೋಡುವ ಅಂಕಿಗಳೆಲ್ಲ ಬಹುಮಟ್ಟಿಗೆ 21-22 ಡಿಗ್ರಿಯ ರೂಮಿನಲ್ಲಿ ತೆಗೆದವು. ನಾವು ಅದಕ್ಕೆ ಇನ್ನೊಂದು 15 ಕೂಡಿಸಿಕೊಂಡೇ ಓದಬೇಕು. ಮೇಲೆ ಒಂದು ಮಿತಿಯೂ ಇದೆ. ಈ ಲೂಪುಗಳಿಗೆ ಹಾಕುವ ಡಿ5 ಅನ್ನುವ ಪಂಪು ಮಾರುವವರು ನೀರು 60 ಡಿಗ್ರಿ ದಾಟಬಾರದು ಅನ್ನುತ್ತಾರೆ. ಕೂಲರ್ ಹಾಕದ ದಿನ ನನ್ನ ರೂಮು 40 ಇರುತ್ತದೆ. ಅಂದರೆ ಕೈಯಲ್ಲಿ ಉಳಿಯುವುದು ಬರೀ 20 ಡಿಗ್ರಿ. ಅದರಲ್ಲೂ ಅರ್ಧ ಬಿಟ್ಟು, ಎಂಥ ಮೇ ತಿಂಗಳಾದರೂ ನೀರು 50ರ ಆಸುಪಾಸಿನಲ್ಲೇ ನಿಲ್ಲಬೇಕು ಅಂತ ಗೆರೆ ಎಳೆದುಕೊಂಡೆ. ಮುಂದಿನ ಸಾಮಾನೆಲ್ಲ ಆ ಗೆರೆ ನೋಡಿಯೇ ಆರಿಸಿದ್ದು. ಬಣ್ಣ, ಲೈಟು, ಅಂದ ಎಲ್ಲ ಆಮೇಲೆ.

ನನ್ನ ಕೂಲರ್ ರಿಪೇರಿ ಮಾಡಲು ಬಂದಿದ್ದ ಹುಡುಗ ಇದನ್ನೆಲ್ಲ ಕೇಳಿಸಿಕೊಂಡು ಒಂದು ಐಡಿಯಾ ಕೊಟ್ಟ. "ಸರ, ಈ ಕೂಲರ್ ಟಾಕಿ ನೀರೇ ಅದಕ್ಕ ತಿರುಗಿಸಿಬಿಡ್ರಿ. ಪುಕ್ಕಟ ತಂಪ ಆಗ್ತದ." ತಮಾಷೆಯ ಮಾತಲ್ಲ ಅದು. ನಮ್ಮ ಕಡೆ ಬಿಸಿಲು ಒಣ ಬಿಸಿಲು. ನೀರು ಆವಿಯಾಗುತ್ತಾ ಟಾಕಿಯ ನೀರು ರೂಮಿನ ಗಾಳಿಗಿಂತ ನಿಜಕ್ಕೂ ತಣ್ಣಗಾಗುತ್ತದೆ. ಆದರೆ ಅದು ತೆರೆದ ನೀರು, ಅದೂ ಬೋರಿನ ಗಡಸು ನೀರು. ಕೂಲರ್ ಹುಲ್ಲಿನ ಮೇಲೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ? ವಾಟರ್ ಬ್ಲಾಕಿನ ಒಳಗಿನ ಗೀರುಗಳು ಅರ್ಧ ಮಿಲಿಮೀಟರಿಗಿಂತ ಕಿರಿದು. ಅಲ್ಲಿ ಆ ಪದರ ಕಟ್ಟಿದರೆ ಮುಗೀತು ಕಥೆ. ಹುಡುಗನಿಗೆ ಹೀಗೆ ಹೇಳಿದೆ. "ಹಂಗಾರ ಬ್ಯಾಡ ಬಿಡ್ರಿ" ಅಂದ.

ಲೆಕ್ಕ ಶುರುವಾಗಿದ್ದು ವ್ಯಾಟ್‌ನಿಂದ. 3090 ಕಾರ್ಡು 350 ವ್ಯಾಟ್. ಸಿಪಿಯು ರೈಜನ್ 9 5950ಎಕ್ಸ್, ಅದರ ಡಬ್ಬಿಯ ಮೇಲೆ 105 ವ್ಯಾಟ್ ಅಂತ ಇದ್ದರೂ ಎಲ್ಲ ಕೋರ್ ಓಡುವಾಗ 142 ವ್ಯಾಟ್‌ವರೆಗೆ ಎಳೆಯುತ್ತದೆ. ಎರಡೂ ಸೇರಿ ಸುಮಾರು 500. ಈ ಹವ್ಯಾಸದವರ ನಡುವೆ ಒಂದು ಅಂದಾಜು ಲೆಕ್ಕ ಓಡಾಡುತ್ತದೆ: 120 ಮಿಲಿಮೀಟರಿನ ಒಂದು ಫ್ಯಾನ್ ಕೂರುವಷ್ಟು ರೇಡಿಯೇಟರಿಗೆ 100 ವ್ಯಾಟ್. ಫ್ಯಾನು ಸಾಧಾರಣ ವೇಗದಲ್ಲಿದ್ದರೆ ಆಗ ನೀರು ರೂಮಿಗಿಂತ 10 ಡಿಗ್ರಿ ಮೇಲಿರುತ್ತದೆ. 500 ವ್ಯಾಟಿಗೆ ಐದು ಫ್ಯಾನಿನ ಜಾಗ. ಮೂರು ಫ್ಯಾನ್ ಹಿಡಿಯುವ 360ರ ರೇಡಿಯೇಟರ್ ಎರಡು ಹಾಕಿದರೆ ಆರು ಆಯಿತು. 40ಕ್ಕೆ 10 ಕೂಡಿಸಿದರೆ 50. ಗೆರೆಗೆ ಸರಿಯಾಗಿ ಬಂತು.

ಹಾಗಾದರೆ ರೇಡಿಯೇಟರ್ ದಪ್ಪ ಎಷ್ಟಿರಬೇಕು? 30, 45, 60 ಮಿಮೀ ಎಲ್ಲ ಸಿಗುತ್ತವೆ. ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಜೋಳ ಒಣಗಿಸುವವರಿಗೆ ಗೊತ್ತಿರುವ ಸಂಗತಿಯೇ ಇಲ್ಲಿಯೂ ನಿಜ: ರಾಶಿ ಎತ್ತರ ಹಾಕುವುದಕ್ಕಿಂತ ಅಂಗಳದಲ್ಲಿ ಅಗಲವಾಗಿ ಹರಡುವುದು ಮೇಲು. ದಪ್ಪ ರೇಡಿಯೇಟರಿನ ಕೊನೆಯ ಪದರಕ್ಕೆ ಗಾಳಿ ತಲುಪುವಷ್ಟರಲ್ಲಿ ಆ ಗಾಳಿಯೇ ಬಿಸಿಯಾಗಿರುತ್ತದೆ. ಫ್ಯಾನು ನಿಧಾನ ಓಡಿಸುವವರಿಗೆ 60 ಮಿಮೀಯಿಂದ ಸಿಗುವ ಲಾಭ ಕಡಿಮೆ.

ದಪ್ಪಕ್ಕಿಂತ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಫಿನ್‌ಗಳ ಬಗ್ಗೆ. ಒಂದು ಇಂಚಿನಲ್ಲಿ ಎಷ್ಟು ತೆಳು ತಗಡು ಕೂತಿವೆ ಅನ್ನುವ ಲೆಕ್ಕ ಅದು. ಕೆಲವದರಲ್ಲಿ ಹತ್ತು-ಹನ್ನೆರಡು, ಕೆಲವದರಲ್ಲಿ ಇಪ್ಪತ್ತರ ಮೇಲೆ. ದಟ್ಟ ಇದ್ದರೆ ಜೋರು ಫ್ಯಾನ್ ಬೇಕು, ದೂಳು ಬೇಗ ಸಿಕ್ಕಿಕೊಳ್ಳುತ್ತದೆ. ನಮ್ಮದು ತೊಗರಿ ಕಣಜ. ಮನೆ ಹತ್ತಿರವೇ ದಾಲ್ ಮಿಲ್ ಇದೆ. ಆ ನುಣ್ಣನೆಯ ದೂಳು ಕಿಟಕಿ ಮುಚ್ಚಿದರೂ ಬರುತ್ತದೆ, ಫಿಲ್ಟರ್ ಹಾಕಿದರೂ ಬರುತ್ತದೆ. ದಟ್ಟ ಫಿನ್ ಇರುವುದನ್ನೆಲ್ಲ ಪಟ್ಟಿಯಿಂದ ತೆಗೆದೆ. ಕೊನೆಗೆ ಜರ್ಮನಿಯ ಆಲ್ಫಾಕೂಲ್ ಕಂಪನಿಯ ಎರಡು ತೆಗೆದುಕೊಂಡೆ. ಕೇಸಿನ ಮೇಲ್ಭಾಗಕ್ಕೆ 30 ಮಿಮೀಯದು, ಯಾಕೆಂದರೆ ಅಲ್ಲಿ ಮದರ್‌ಬೋರ್ಡಿನ ಹೀಟ್‌ಸಿಂಕ್ ಮತ್ತು ರ‍್ಯಾಮ್ ಅಡ್ಡ ಬರುತ್ತವೆ. ಬದಿಗೆ 45ರದು. ಟೇಪ್ ಹಿಡಿದು ಅಳೆದೇ ತರಿಸಿದ್ದು. ರೇಡಿಯೇಟರ್ ದಪ್ಪಕ್ಕೆ ಫ್ಯಾನಿನ 25 ಮಿಮೀ ಸೇರಿಸುವುದನ್ನು ಮರೆಯಬೇಡಿ.

ಇನ್ನೊಂದು ಆಸೆಯೂ ಇತ್ತು. ಜರ್ಮನಿಯದೇ ವಾಟರ್‌ಕೂಲ್ ಅನ್ನುವ ಕಂಪನಿಯ ಮೋ-ರಾ3 ಅಂತ ಒಂದು ರೇಡಿಯೇಟರ್ ಬರುತ್ತದೆ. 120ರ ಒಂಬತ್ತು ಫ್ಯಾನ್ ಹಿಡಿಯುವ ದೈತ್ಯ, ಕೇಸಿನ ಹೊರಗೆ ಇಡುವುದು. ಗೋಡೆಗೆ ತೂತು ಹಾಕಿ ಅದನ್ನು ಪಕ್ಕದ ಕೋಣೆಯಲ್ಲಿ ಇಟ್ಟರೆ ಆ 500 ವ್ಯಾಟ್ ಬಿಸಿ ನಾನು ಕೂರುವ ರೂಮಿಗೆ ಬರುವುದೇ ಇಲ್ಲ. ವಾಟರ್ ಕೂಲಿಂಗ್ ಹಾಕಿಸಿದರೆ ರೂಮು ತಂಪಾಗುತ್ತದೆ ಅಂದುಕೊಂಡವರು ಬಹಳ ಜನ. ಇಲ್ಲ ರೀ. ಕೇಸಿನ ಒಳಗೆ ರೇಡಿಯೇಟರ್ ಇದ್ದರೆ ಅಷ್ಟೂ ಬಿಸಿ ರೂಮಿಗೇ ಬರುತ್ತದೆ, ಮೊದಲು ಚಿಪ್ಪಿನ ಮೇಲೆ ಬರೀ ಫ್ಯಾನಿನ ಗಾಳಿ ಕೂಲರ್ ಇದ್ದಾಗ ಬರುತ್ತಿದ್ದಷ್ಟೇ. ಮೋ-ರಾ ಬಾಡಿಗೆ ಮನೆಯ ಮಾತಲ್ಲ ಅಂತ ಆ ಆಸೆ ಬದಿಗಿಟ್ಟೆ.

ಬೆಂಗಳೂರಿಗೆ ಕೆಲಸದ ಮೇಲೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದೆ. ಅಲ್ಲಿ ಕಂಪ್ಯೂಟರಿನದು ಏನು ಬೇಕಾದರೂ ಸಿಗುತ್ತದೆ, ಆದರೆ ಕಸ್ಟಮ್ ಲೂಪಿನ ಸಾಮಾನು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. "ಎಐಒ ತಗೊಳ್ಳಿ ಬಾಸ್, ಸುಮ್ನೆ ಯಾಕೆ ತಲೆನೋವು?" ಒಂದು ಕಡೆ ಮಾತ್ರ ಬಿಡಿ ರೇಡಿಯೇಟರ್ ಇತ್ತು. ಬೆಲೆ ನೋಡಿದರೆ ಆಲ್ಫಾಕೂಲಿನ ಮೂರನೇ ಒಂದು ಪಾಲು. ಕೈಗೆ ತೆಗೆದುಕೊಂಡೆ, ಹೂವಿನ ಹಾಗೆ ಹಗುರ. ಅಲ್ಯೂಮಿನಿಯಂ. "ತಾಮ್ರದ್ದೇ ಸರ್" ಅಂದರು ಅವರು. ತೂಕ ಬೇರೆ ಹೇಳುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೊಸಬರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಸಿಪಿಯು, ಜಿಪಿಯು ಬ್ಲಾಕುಗಳು ತಾಮ್ರದವು. ಫಿಟ್ಟಿಂಗ್ ಹಿತ್ತಾಳೆಯವು. ಇವೆರಡೂ ಒಂದೇ ನೀರಿನಲ್ಲಿ ಹೊಂದಿಕೊಂಡು ಇರುತ್ತವೆ. ಅದೇ ನೀರಿಗೆ ಅಲ್ಯೂಮಿನಿಯಂ ಬಂದರೆ ಅದೊಂದು ಬ್ಯಾಟರಿ ಆಗುತ್ತದೆ. ಎಲೆಕ್ಟ್ರೋಡ್ ಪೊಟೆನ್ಶಿಯಲ್ ಪಟ್ಟಿಯಲ್ಲಿ ತಾಮ್ರ ಪ್ಲಸ್ 0.34 ವೋಲ್ಟ್, ಅಲ್ಯೂಮಿನಿಯಂ ಮೈನಸ್ 1.66. ಇಷ್ಟು ಅಂತರ ಇದ್ದಾಗ ಕರಗಿ ಹೋಗುವುದು ಅಲ್ಯೂಮಿನಿಯಂ. ಕರಗಿದ್ದು ಬ್ಲಾಕಿನ ಗೀರುಗಳಲ್ಲಿ ಲೋಳೆಯಾಗಿ ಕೂರುತ್ತದೆ. ಎಐಒಗಳಲ್ಲಿ ತಾಮ್ರದ ಬ್ಲಾಕು, ಅಲ್ಯೂಮಿನಿಯಂ ರೇಡಿಯೇಟರು ಒಟ್ಟಿಗೇ ಇರುತ್ತವಲ್ಲ ಅಂದರೆ, ಹೌದು. ಅಲ್ಲಿ ತುಕ್ಕು ತಡೆಯುವ ರಾಸಾಯನಿಕ ಅಳೆದು ಹಾಕಿ ಕಾರ್ಖಾನೆಯಲ್ಲೇ ಸೀಲ್ ಮಾಡಿರುತ್ತಾರೆ. ಅದನ್ನು ನಂಬಿ ನಾವು ಮನೆಯಲ್ಲಿ ಆಟ ಆಡಬಾರದು. ಎಸ್‌ಪಿ ರೋಡಿನಿಂದ ಬರಿಗೈಯಲ್ಲಿ ಬಂದೆ. ಸಾಮಾನೆಲ್ಲ ಆನ್‌ಲೈನಿನಲ್ಲೇ ತರಿಸಿದ್ದು.

ಜಿಪಿಯು ಬ್ಲಾಕು ಆರಿಸುವುದು ಇಡೀ ಕೆಲಸದಲ್ಲಿ ಅತಿ ಕಿರಿಕಿರಿಯ ಭಾಗ. 3090 ಬ್ಲಾಕು ಕೊಡಿ ಅಂದರೆ ಸಾಲದು. ಎನ್ವಿಡಿಯಾದ ಸ್ವಂತ ಫೌಂಡರ್ಸ್ ಎಡಿಷನ್ ಬೋರ್ಡೇ ಬೇರೆ ಆಕಾರ. ಬೇರೆ ಕಂಪನಿಗಳಿಗೆ ಮಾದರಿಯಾಗಿ ಕೊಡುವ ರೆಫರೆನ್ಸ್ ಬೋರ್ಡ್ ಬೇರೆ. ದೊಡ್ಡ ಕಂಪನಿಗಳು ತಮ್ಮ ದುಬಾರಿ ಮಾಡೆಲ್‌ಗಳಿಗೆ ಮಾಡಿಕೊಂಡ ಬೋರ್ಡುಗಳು ಇನ್ನೂ ಬೇರೆ. ಒಂದು ಕೆಪಾಸಿಟರ್ ಎರಡು ಮಿಲಿಮೀಟರ್ ಆಚೆ ಇದ್ದರೂ ಬ್ಲಾಕು ಕೂರುವುದಿಲ್ಲ. ಬ್ಲಾಕು ಮಾಡುವವರು ಹೊಂದುವ ಕಾರ್ಡುಗಳ ಪಟ್ಟಿ ಕೊಡುತ್ತಾರೆ. ನಾನು ಪಟ್ಟಿ ನಂಬಿ ಅಷ್ಟಕ್ಕೇ ಬಿಡಲಿಲ್ಲ. ಕಾರ್ಡು ಬಿಚ್ಚಿ, ಬರಿಯ ಬೋರ್ಡನ್ನು ಅವರ ಫೋಟೊ ಪಕ್ಕ ಇಟ್ಟು ನೋಡಿ, ಮತ್ತೆ ಜೋಡಿಸಿ, ಆಮೇಲೆ ಆರ್ಡರ್ ಹಾಕಿದೆ. ನನ್ನದು ಸೆಕೆಂಡ್ ಹ್ಯಾಂಡ್, ವಾರಂಟಿ ಎಂದೋ ಮುಗಿದಿತ್ತು. ಹೊಸ ಕಾರ್ಡಿನವರು ಬಿಚ್ಚುವ ಮೊದಲು ವಾರಂಟಿ ನಿಯಮ ಓದಿಕೊಳ್ಳಿ.

ಅದೃಷ್ಟಕ್ಕೆ ನನ್ನದು ರೆಫರೆನ್ಸ್ ಬೋರ್ಡ್. ಯೂರೋಪಿನ ಕಂಪನಿಗಳ ಬ್ಲಾಕುಗಳೂ ಇದ್ದವು, ಚೀನಾದ ಬೈಕ್‌ಸ್ಕಿಯದೂ ಇತ್ತು. ಬೈಕ್‌ಸ್ಕಿಯವರು ಅಪರೂಪದ ಮಾಡೆಲ್‌ಗಳಿಗೂ ಬ್ಲಾಕು ಮಾಡುತ್ತಾರೆ, ಬೆಲೆಯೂ ಕಡಿಮೆ. ನಾನು ಅದನ್ನೇ ತೆಗೆದುಕೊಂಡೆ. ಜಿಪಿಯು ಬ್ಲಾಕು ಆ ಒಂದು ಕಾರ್ಡಿಗೆ ಮಾತ್ರ ಬರುವ ಸಾಮಾನು, ಕಾರ್ಡು ಹೋದ ದಿನ ಅದೂ ಹೋಯಿತು. ಜಾಸ್ತಿ ದುಡ್ಡು ಅಲ್ಲಿ ಸುರಿಯುವುದರಲ್ಲಿ ಅರ್ಥವಿಲ್ಲ. ಪಂಪು, ರೇಡಿಯೇಟರಿಗೆ ಸುರಿಯಿರಿ, ಅವು ಹತ್ತು ವರ್ಷ ಜೊತೆಗಿರುತ್ತವೆ.

ಬೆನ್ನಿನ ಮೆಮೊರಿಗೆ ಏನು? ಹಿಂದೆಯೂ ನೀರು ಹರಿಸುವ ಆ್ಯಕ್ಟಿವ್ ಬ್ಯಾಕ್‌ಪ್ಲೇಟ್ ಸಿಗುತ್ತದೆ. ಇನ್ನೆರಡು ಫಿಟ್ಟಿಂಗು, ಇನ್ನಷ್ಟು ಪೈಪು, ಸೋರಲು ಇನ್ನೆರಡು ಜಾಗ. ನನಗೆ ಅದು ಅತಿ ಅನ್ನಿಸಿತು. ಅಲ್ಯೂಮಿನಿಯಂ ಬ್ಯಾಕ್‌ಪ್ಲೇಟಿಗೆ (ಬೆನ್ನಿನ ತಗಡಿಗೆ) ಬಿಸಿ ದಾಟಿಸುವ ಒಳ್ಳೆಯ ಥರ್ಮಲ್ ಪ್ಯಾಡ್ ಹಾಕಿ, ಮೇಲೆ ನಿಧಾನ ತಿರುಗುವ ಒಂದು ಸಣ್ಣ ಫ್ಯಾನ್ ಇಟ್ಟೆ. (ಅಲ್ಯೂಮಿನಿಯಂ ಬೇಡ ಅಂದಿರಲ್ಲ ಅಂತ ಕೇಳಬೇಡಿ, ಈ ತಗಡಿಗೆ ನೀರು ತಾಗುವುದಿಲ್ಲ.) ಮುಂದಿನ 12 ಚಿಪ್ಪಿಗೆ ನೀರು ಸಿಕ್ಕಿದ ಮೇಲೆ ಬೋರ್ಡೇ ತಣ್ಣಗಿರುತ್ತದೆ, ಬೆನ್ನಿಗೂ ಅದರ ಲಾಭ ಇದೆ. ಪ್ಯಾಡಿನ ದಪ್ಪ ಮಾತ್ರ ಬ್ಲಾಕಿನ ಜೊತೆ ಬರುವ ಚೀಟಿಯಲ್ಲಿ ಹೇಳಿದಷ್ಟೇ ಇರಬೇಕು. ಅರ್ಧ ಮಿಲಿಮೀಟರ್ ದಪ್ಪವಾದರೂ ಬ್ಲಾಕು ಎತ್ತಿ ಹಿಡಿದು ಜಿಪಿಯು ಚಿಪ್ಪಿಗೇ ಸರಿಯಾಗಿ ಕೂರುವುದಿಲ್ಲ.

ಸಿಪಿಯು ಬ್ಲಾಕಿನ ಬಗ್ಗೆ ಹೇಳುವುದು ಕಡಿಮೆ. ಈ ಸಿಪಿಯು ಕೂರುವ ಎಎಂ4 ಸಾಕೆಟ್ಟಿಗೆ ಬರುವ ಯಾವ ಒಳ್ಳೆ ತಾಮ್ರದ ಬ್ಲಾಕಾದರೂ ನಡೆಯುತ್ತದೆ. 5950ಎಕ್ಸ್‌ನಲ್ಲಿ ಬಿಸಿ ಹುಟ್ಟುವುದು ಎರಡು ಪುಟ್ಟ ಚಿಪ್‌ಲೆಟ್‌ಗಳಲ್ಲಿ. ಅಷ್ಟು ಚಿಕ್ಕ ಜಾಗದಿಂದ ಬಿಸಿ ಹೊರಬರುವುದೇ ಕಷ್ಟ, ಮೇಲೆ ಎಂಥ ಬ್ಲಾಕು ಇಟ್ಟರೂ ಅಷ್ಟಕ್ಕಷ್ಟೇ. ನಿಜ ಹೇಳಬೇಕೆಂದರೆ ಸಿಪಿಯುಗೆ ನೀರು ಬೇಕೇ ಇರಲಿಲ್ಲ. ಆದರೆ ಕೇಸಿನೊಳಗೆ ಗಾಳಿ ಕೂಲರ್ ಉಳಿಸಿಕೊಂಡರೆ ಅದು ಬದಿಯ ರೇಡಿಯೇಟರ್ ಬಿಟ್ಟ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದಕ್ಕೆ ಸೇರಿಸಿದೆ.

ಪಂಪಿಗೆ ಇರುವುದು ಎರಡೇ ಮುಖ್ಯ ಹಾದಿ, ಡಿ5 ಅಥವಾ ಡಿಡಿಸಿ. ಎರಡೂ ಲೈಂಗ್ ಅನ್ನುವ ಕಂಪನಿ ಹುಟ್ಟುಹಾಕಿದ ವಿನ್ಯಾಸಗಳು, ಬೇರೆ ಬೇರೆ ಬ್ರ್ಯಾಂಡಿನವರು ತಮ್ಮ ಹೆಸರು ಹಚ್ಚಿ ಮಾರುತ್ತಾರೆ. ಡಿಡಿಸಿ ಚಿಕ್ಕದು, ಒತ್ತಡ ಜಾಸ್ತಿ, ಆದರೆ ಅದರ ಎಲೆಕ್ಟ್ರಾನಿಕ್ಸ್ ಬಿಸಿಯಾಗುತ್ತದೆ, ತಳಕ್ಕೆ ಗಾಳಿ ಅಥವಾ ಹೀಟ್‌ಸಿಂಕ್ ಬೇಕು. ಡಿ5 ದೊಡ್ಡದು, ತನ್ನ ಬಿಸಿಯನ್ನು ಬಹುಪಾಲು ಹರಿಯುವ ನೀರಿಗೇ ಕೊಡುತ್ತದೆ, ಸದ್ದು ಕಡಿಮೆ. ನಮ್ಮ ಊರಿನ ಬಿಸಿಗೆ ಇದರಲ್ಲಿ ಯೋಚಿಸುವುದು ಏನೂ ಇರಲಿಲ್ಲ. ಡಿ5 ಪಿಡಬ್ಲ್ಯುಎಂ (ಸಿಗ್ನಲ್ ಕೊಟ್ಟು ವೇಗ ಹೊಂದಿಸುವಂಥದು), ರಿಸರ್ವಾಯರ್ ಅಂದರೆ ನೀರಿನ ಡಬ್ಬಿ ಸೇರಿ ಬರುವ ಕಾಂಬೊ. ಅದು ಕರೆಂಟು ತೆಗೆದುಕೊಳ್ಳುವುದು ನೇರ ಪವರ್ ಸಪ್ಲೈಯಿಂದ, ಮದರ್‌ಬೋರ್ಡಿನಿಂದ ವೇಗದ ಸಿಗ್ನಲ್ ಮಾತ್ರ. ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಸಾಧಾರಣ ಹೆಡರ್ 1 ಆಂಪಿಯರ್ ಕೊಡುತ್ತದೆ. ಡಿ5ಗೆ ಜೋರು ಓಡುವಾಗ ಅದರ ಎರಡರಷ್ಟು ಬೇಕು.

ಮೊದಲು ಸಿಪಿಯುಗೆ ನೀರು ಹೋಗಬೇಕಾ, ಜಿಪಿಯುಗಾ ಅಂತ ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ನಿಮಿಷಕ್ಕೆ 3 ಲೀಟರ್ ನೀರು ಹರಿಯುತ್ತಿದ್ದರೆ 500 ವ್ಯಾಟ್ ಬಿಸಿ ಆ ನೀರನ್ನು ಸುಮಾರು 2.4 ಡಿಗ್ರಿ ಏರಿಸುತ್ತದೆ, ಅಷ್ಟೇ. ಲೂಪಿನ ಎಲ್ಲ ಕಡೆ ನೀರು ಹೆಚ್ಚುಕಮ್ಮಿ ಒಂದೇ ಬಿಸಿ. ಪೈಪು ಎಲ್ಲಿ ಸುಲಭವೋ ಅಲ್ಲಿ ಎಳೆಯಿರಿ. ರಿಸರ್ವಾಯರ್ ಮಾತ್ರ ಪಂಪಿಗಿಂತ ಮೇಲಿರಬೇಕು, ಡಿ5 ಒಣಗಿ ಓಡಬಾರದು.

ಪೈಪಿನಲ್ಲಿ ಚಂದ ಕಾಣುವುದು ಗಟ್ಟಿ ಪೈಪು. ಪಿಇಟಿಜಿ ಪ್ಲಾಸ್ಟಿಕ್ಕಿನದು ಬಗ್ಗಿಸಲು ಸುಲಭ, ಆದರೆ ನೀರು 55-60 ಡಿಗ್ರಿ ಕಡೆ ಹೋದರೆ ಮೆತ್ತಗಾಗಿ ಫಿಟ್ಟಿಂಗಿನಿಂದ ಜಾರುವ ಭಯ. ನಮ್ಮ ಊರಿಗೆ ಬೇಡವೇ ಬೇಡ. ಅಕ್ರಿಲಿಕ್ ಬಿಸಿ ತಡೆಯುತ್ತದೆ, ಆದರೆ ಕತ್ತರಿಸಿ ಬಗ್ಗಿಸುವ ತಾಳ್ಮೆ ನನಗಿಲ್ಲ. ಪಾರದರ್ಶಕ ಮೆದು ಪಿವಿಸಿ ಪೈಪಿನಿಂದ ಅದನ್ನು ಮೆದು ಮಾಡುವ ಪ್ಲಾಸ್ಟಿಸೈಜರ್ ನೀರಿಗೆ ಬಿಡುತ್ತದೆ, ಬಿಸಿ ಇದ್ದಷ್ಟೂ ಬೇಗ. ಉಳಿದದ್ದು ಇಪಿಡಿಎಂ, ಕಪ್ಪು ರಬ್ಬರ್ ಪೈಪು. ಒಳಗೆ 10, ಹೊರಗೆ 16 ಮಿಮೀ. ನೋಡಲು ಕಾರಿನ ಬಾನೆಟ್ ಕೆಳಗಿನ ಪೈಪೇ, ನೀರು ಕಾಣುವುದಿಲ್ಲ. ವರ್ಷಗಟ್ಟಲೆ ತಕರಾರೂ ಇಲ್ಲ. ಗೆಳೆಯನೊಬ್ಬ ನೋಡಿ "ಇಷ್ಟ ರೊಕ್ಕ ಹಾಕಿ ಹೆಂಗ ಮಾಡಿಟ್ಟೀಯೋ ಮಾರಾಯ" ಅಂದ.

ರೊಕ್ಕ ಅಂದರೆ ಫಿಟ್ಟಿಂಗ್ ನೆನಪಾಗುತ್ತದೆ. ಸಿಪಿಯು ಬ್ಲಾಕು, ಜಿಪಿಯು ಬ್ಲಾಕು, ಪಂಪು, ಎರಡು ರೇಡಿಯೇಟರು. ಒಂದೊಂದಕ್ಕೆ ಎರಡರಂತೆ ಹತ್ತು. ಅದರ ಮೇಲೆ ತಿರುವಿಗೆ 90 ಡಿಗ್ರಿಯವು, ನೀರು ಖಾಲಿ ಮಾಡಲು ಒಂದು ಟಿ, ಒಂದು ಬಾಲ್ ವಾಲ್ವ್. ಎಲ್ಲ ಕೂಡಿಸಿದರೆ ಪಂಪಿನ ಬೆಲೆ ದಾಟಿತು. ಇವೆಲ್ಲ ಜಿ 1/4 ಮರೆಯವು (ಮರೆ ಅಂದರೆ ತಿರುಗಿಸಿ ಬಿಗಿಯುವ ಥ್ರೆಡ್), ಅಂದರೆ ಕಾಲು ಇಂಚಿನ ಬಿಎಸ್‌ಪಿ ಅಳತೆ. ಗಾಳಿ ಕಂಪ್ರೆಸರ್ ಸಾಮಾನು ಮಾರುವ ಅಂಗಡಿಯಲ್ಲಿ ಕಾಲು ಇಂಚಿನ ಫಿಟ್ಟಿಂಗ್ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಿ ನೋಡಿದೆ. ಅಲ್ಲಿದ್ದವು ಹೆಚ್ಚಿನವು ಕೊನೆಗೆ ಕಿರಿದಾಗುತ್ತಾ ಹೋಗುವ ಟೇಪರ್ ಮರೆಯವು, ಟೆಫ್ಲಾನ್ ಟೇಪ್ ಸುತ್ತಿ ಬಿಗಿಯುವಂಥವು. ಕಂಪ್ಯೂಟರಿನವು ನೇರ ಮರೆಯವು, ಸೋರದಂತೆ ತಡೆಯುವುದು ಓ-ರಿಂಗ್ ಅನ್ನುವ ರಬ್ಬರ್ ಬಳೆ. ಟೇಪರ್ ತಂದು ಅಕ್ರಿಲಿಕ್ ರಿಸರ್ವಾಯರಿಗೆ ಬಿಗಿದರೆ ಅದು ಸೀಳುತ್ತದೆ. ಕೈಯಲ್ಲಿ ಬಿಗಿಯಾದಷ್ಟು ಸಾಕು, ಪಾನಾ ಬೇಡ.

ನೀರಿನ ಬಗ್ಗೆ ಆಟೊಮೊಬೈಲ್ ಅಂಗಡಿಯವರು ಕಾರಿನ ಕೂಲಂಟ್ ಹಾಕಿ ಅಂದರು. ಅದರಲ್ಲಿರುವುದು ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್, ವಿಷ. ಮನೆಯಲ್ಲಿ ಬೆಕ್ಕಿದೆ, ಬೇಡ ಅಂದೆ. ಬಣ್ಣಬಣ್ಣದ ಹಾಲಿನಂಥ ಕೂಲಂಟ್ ಫೋಟೊಕ್ಕೆ ಚಂದ, ಒಳಗಿನ ಕಣಗಳು ಕಾಲ ಕಳೆದಂತೆ ಬ್ಲಾಕಿನಲ್ಲಿ ಕೂರುತ್ತವೆ. ಕಪ್ಪು ಪೈಪಿನೊಳಗೆ ಬಣ್ಣ ಯಾರಿಗೆ ತೋರಿಸಲು, ಅಲ್ವಾ? ಪ್ರೊಪಿಲೀನ್ ಗ್ಲೈಕಾಲ್ ಇರುವ, ಬಣ್ಣವಿಲ್ಲದ ಕಾನ್ಸಂಟ್ರೇಟ್ ತಂದೆ, ಪಾಚಿ ಮತ್ತು ತುಕ್ಕು ತಡೆಯುವ ಅಂಶ ಅದರಲ್ಲೇ ಇದೆ. ಬೆರೆಸಲು ಇನ್ವರ್ಟರ್ ಬ್ಯಾಟರಿಯವರ ಹತ್ತಿರ ಸಿಗುವ ಡಿಸ್ಟಿಲ್ಡ್ ವಾಟರ್. ಕ್ಯಾನಿನ ಮೇಲೆ ಓದಿ, ಕೆಲವು ಡಿಮಿನರಲೈಸ್ಡ್ ಆಗಿರುತ್ತವೆ. ಹೊಸ ರೇಡಿಯೇಟರುಗಳನ್ನು ತೊಳೆಯಲೂ ಅದೇ ನೀರನ್ನು ಬಿಸಿ ಮಾಡಿ ಬಳಸಿದೆ. ಬೆಸುಗೆಯ ಫ್ಲಕ್ಸ್ ಒಳಗೆ ಉಳಿದಿರುತ್ತದೆ, ಮೊದಲ ಸಲ ಅಲ್ಲಾಡಿಸಿ ಸುರಿದಾಗ ಬಂದ ಕಪ್ಪು ಚೂರುಗಳನ್ನು ನೋಡಿದರೆ ಯಾರೂ ಆ ಕೆಲಸ ತಪ್ಪಿಸುವುದಿಲ್ಲ.

ಫ್ಯಾನು ಆರ್ಕ್ಟಿಕ್ ಪಿ12, ಆರು. ಬೆಲೆ ಕಡಿಮೆ, ರೇಡಿಯೇಟರಿನ ಮೂಲಕ ಗಾಳಿ ತಳ್ಳುವ ಒತ್ತಡ ಚೆನ್ನಾಗಿದೆ. 1000 ಆರ್‌ಪಿಎಂ ಆಸುಪಾಸಿನಲ್ಲಿ ಒಂದು ಗುಂಯ್ ಸದ್ದು ಬರುತ್ತದೆ, ಆ ವೇಗ ದಾಟಿಸಿ ಇಟ್ಟಿದ್ದೇನೆ. ಫ್ಯಾನುಗಳಿಗಿಂತ ಮುಖ್ಯವಾದ ಸಾಮಾನು ತೀರಾ ಅಗ್ಗದ್ದು: ಲೂಪಿಗೆ ತಿರುಗಿಸಿ ಹಾಕುವ, ನೀರಿನ ಬಿಸಿ ಅಳೆಯುವ 10ಕೆ (10 ಕಿಲೊಓಮ್) ಸೆನ್ಸರ್. ಅದಿಲ್ಲದಿದ್ದರೆ ಫ್ಯಾನುಗಳು ಸಿಪಿಯು ನೋಡಿಕೊಂಡು ಏರುತ್ತವೆ, ಇಳಿಯುತ್ತವೆ. ಬ್ರೌಸರ್ ತೆರೆದರೂ ಒಮ್ಮೆ ಗುರ್ ಅನ್ನುತ್ತವೆ. ನೀರು ನಿಧಾನ ಬಿಸಿಯಾಗುತ್ತದೆ, ಅದನ್ನು ನೋಡಿ ಓಡಿಸಿದರೆ ಫ್ಯಾನೂ ನಿಧಾನ. ಮದರ್‌ಬೋರ್ಡಿನಲ್ಲಿ ಎರಡು ಪಿನ್ನಿನ ಟೆಂಪರೇಚರ್ ಹೆಡರ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಸೋರಿಕೆ ಪರೀಕ್ಷೆಗೆ ಗೇಜ್ ಇರುವ ಕೈಪಂಪು ತೆಗೆದುಕೊಂಡೆ. ನೀರು ಹಾಕುವ ಮೊದಲು ಅರ್ಧ ಬಾರ್ ಗಾಳಿ ತುಂಬಿ, ಕಾಲು ಗಂಟೆ ಮುಳ್ಳು ಇಳಿಯದಿದ್ದರೆ ನಿಶ್ಚಿಂತೆ.

ಮೇ ತಿಂಗಳ ಮಧ್ಯಾಹ್ನ, ಕೂಲರ್ ಹಾಕಿದ ರೂಮು 36. ಸಿಪಿಯು, ಜಿಪಿಯು ಎರಡೂ ಪೂರ್ತಿ ಓಡುತ್ತಿದ್ದಾಗ ನೀರು 47ಕ್ಕೆ ನಿಂತಿತು. ಜಿಪಿಯು 61. 110 ಇದ್ದ ಮೆಮೊರಿ 88. ಸಿಪಿಯು 80ರ ಹತ್ತಿರ, ಗಾಳಿ ಕೂಲರ್ ಇದ್ದಾಗಿನದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಅಷ್ಟೇ. ಕಾರ್ಡು ಈಗ ವೇಗ ಇಳಿಸುವುದಿಲ್ಲ, ರೆಂಡರ್ ಹಾಕಿ ಪಕ್ಕದಲ್ಲೇ ಕೂತು ಫೋನಿನಲ್ಲಿ ಮಾತಾಡಬಹುದು.

3090ಯನ್ನು ಎಂದಾದರೂ ಬದಲಿಸಲೇಬೇಕು. ಆಗ ಬ್ಲಾಕು ಬಿಟ್ಟು ಉಳಿದದ್ದೆಲ್ಲ ಇಲ್ಲೇ ಇರುತ್ತದೆ. ಆದರೆ 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟ್. ಸಿಪಿಯು ಸೇರಿದರೆ 700 ದಾಟುತ್ತದೆ, ನಮ್ಮ ಬಿಸಿಲಿಗೆ ಆರು ಫ್ಯಾನಿನ ಜಾಗ ಸಾಲದು. ಅಷ್ಟರಲ್ಲಿ ಗೋಡೆಗೆ ತೂತು ಹಾಕಲು ಮನೆ ಓನರ್ ಒಪ್ಪಬೇಕು, ಇಲ್ಲವೇ ನಾನು ಮನೆ ಬದಲಿಸಬೇಕು.